ಬರಬೇಡಿ ಅನ್ನಿ, ಆದರೆ ಕಾರಣ ಬರೆದುಕೊಡಿ

2025ರ ಅಕ್ಟೋಬರ್‌ನಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಇಬ್ಬರಿಗೆ ‘ಒಳಗೆ ಬರಬೇಡಿ’ ಎಂದು ಹೇಳಲಾಯಿತು. ಒಬ್ಬರು ಕೊಲ್ಹಾಪುರದ ಹತ್ತಿರದ ಕನೇರಿ ಮಠದ ಅದೃಶ್ಯ ಕಾಡಸಿದ್ಧೇಶ್ವರ ಸ್ವಾಮೀಜಿ. ಲಿಂಗಾಯತ ಮಠಾಧೀಶರ ಬಗ್ಗೆ ಅವರು ಆಡಿದ ಮಾತಿಗೆ ನಮ್ಮ ಕಡೆ ಜನ ಸಿಟ್ಟಾಗಿದ್ದರು. ವಿಜಯಪುರ ಜಿಲ್ಲಾಡಳಿತ ಎರಡು ತಿಂಗಳು ಅವರಿಗೆ ಜಿಲ್ಲೆಯ ಪ್ರವೇಶ ನಿರ್ಬಂಧಿಸಿತು. ಇನ್ನೊಬ್ಬರು ಫ್ರಾನ್ಚೆಸ್ಕಾ ಒರ್ಸಿನಿ. ಲಂಡನ್ನಿನ ಸೋಆಸ್ ಸಂಸ್ಥೆಯಲ್ಲಿ ಪಾಠ ಮಾಡಿದವರು, ಹಿಂದಿ ಸಾಹಿತ್ಯದ ದೊಡ್ಡ ವಿದ್ವಾಂಸೆ. ಐದು ವರ್ಷದ ಇ-ವೀಸಾ ಅವರ ಕೈಯಲ್ಲಿತ್ತು. ಅಕ್ಟೋಬರ್ 20ರ ರಾತ್ರಿ ದೆಹಲಿ ವಿಮಾನ ನಿಲ್ದಾಣದಲ್ಲಿ ಇಳಿದರು. ಅಲ್ಲಿಂದಲೇ ಅವರನ್ನು ವಾಪಸ್ ಕಳಿಸಿದರು.

ಎರಡೂ ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ ನನ್ನ ಕಣ್ಣಿಗೆ ಬಿದ್ದ ವ್ಯತ್ಯಾಸ ಒಂದು ಹಾಳೆ ಕಾಗದದ್ದು. ಸ್ವಾಮೀಜಿ ವಿಷಯದಲ್ಲಿ ಲಿಖಿತ ಆದೇಶ ಇತ್ತು. ಅದಕ್ಕೆ ತಾರೀಖಿತ್ತು, ಅವಧಿ ಇತ್ತು, ಕಾರಣ ಇತ್ತು. ಆ ಕಾಗದ ಹಿಡಿದು ಅವರು ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋದರು. ಆಮೇಲೆ ಸುಪ್ರೀಂ ಕೋರ್ಟಿಗೂ ಹೋದರು. ಎರಡೂ ಕಡೆ ಆದೇಶವೇ ಉಳಿಯಿತು. ಅದು ಬೇರೆ ಮಾತು. ಹೋಗಲು ಒಂದು ದಾರಿ ಇತ್ತು, ಅಲ್ವಾ?

ಒರ್ಸಿನಿ ಹೇಳಿದ್ದು, ತಮಗೆ ಯಾರೂ ಕಾರಣ ಕೊಡಲಿಲ್ಲ ಎಂದು. ಕಾರಣ ಬಂದದ್ದು ಆಮೇಲೆ, ಪತ್ರಿಕೆಗಳಲ್ಲಿ, ಹೆಸರು ಹೇಳದ ಸರ್ಕಾರಿ ಮೂಲಗಳ ಬಾಯಿಂದ. ಹಿಂದಿನ ಭೇಟಿಯಲ್ಲಿ ಅವರು ವೀಸಾ ಷರತ್ತು ಮುರಿದಿದ್ದಾರೆ, ಮಾರ್ಚ್‌ನಿಂದಲೇ ಕಪ್ಪುಪಟ್ಟಿಯಲ್ಲಿದ್ದಾರೆ ಎಂಬ ಮಾತು. ಕಪ್ಪುಪಟ್ಟಿಯಲ್ಲಿ ಹೆಸರಿದ್ದ ಮನುಷ್ಯರಿಗೆ ಅದು ಗೊತ್ತಾಗಿದ್ದು ಸಾವಿರಾರು ಮೈಲಿ ಹಾರಿ ಬಂದ ಮೇಲೆ.

ಈ ಚರ್ಚೆಯಲ್ಲಿ ನಾವು ಸಾಮಾನ್ಯವಾಗಿ ಎರಡು ಗುಂಪಾಗುತ್ತೇವೆ. ‘ದೇಶ ನಮ್ಮದು, ಬೇಡ ಅಂದರೆ ಬೇಡ’ ಎನ್ನುವವರು ಒಂದು ಕಡೆ. ‘ವಿಚಾರಕ್ಕೆ ಹೆದರಿ ಬಾಗಿಲು ಹಾಕುತ್ತಿದ್ದಾರೆ’ ಎನ್ನುವವರು ಇನ್ನೊಂದು ಕಡೆ. ಎರಡರಲ್ಲೂ ಸತ್ಯ ಇದೆ. ಆದರೆ ಈ ಗದ್ದಲದಲ್ಲಿ ಆ ಕಾಗದದ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ನನಗೆ ಅದೇ ಮುಖ್ಯ ಅನಿಸುತ್ತದೆ.

ಬೆಂಗಳೂರಿನಲ್ಲಿ ಆದದ್ದು

ನಮ್ಮ ರಾಜ್ಯಕ್ಕೆ ನೇರವಾಗಿ ತಟ್ಟಿದ ಪ್ರಕರಣ 2024ರ ಫೆಬ್ರವರಿಯದು. ಸಂವಿಧಾನ ಮತ್ತು ರಾಷ್ಟ್ರೀಯ ಏಕತಾ ಸಮಾವೇಶ ಎಂಬ ಕಾರ್ಯಕ್ರಮವನ್ನು ಕರ್ನಾಟಕ ಸರ್ಕಾರವೇ ಬೆಂಗಳೂರಿನಲ್ಲಿ ಮಾಡಿತು. ಅದಕ್ಕೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ನಿತಾಶಾ ಕೌಲ್ ಅವರನ್ನು ಕರೆದಿದ್ದರು. ಅವರು ಕಾಶ್ಮೀರಿ ಮೂಲದವರು, ಬ್ರಿಟನ್ ಪ್ರಜೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳು ವೀಸಾ ಇಲ್ಲದೆ ಬಂದುಹೋಗಲು ಕೊಡುವ ಕಾರ್ಡ್) ಇದ್ದವರು. ಕಾಶ್ಮೀರದ ಬಗ್ಗೆ, ಆರೆಸ್ಸೆಸ್ ಬಗ್ಗೆ ಕಟುವಾಗಿ ಬರೆದವರು. ಅವರನ್ನು ವಿಮಾನ ನಿಲ್ದಾಣದಲ್ಲೇ ತಡೆದು ಮರುದಿನ ಲಂಡನ್ನಿಗೆ ಕಳಿಸಿದರು. ‘ದೆಹಲಿಯಿಂದ ಆದೇಶ ಬಂದಿದೆ, ನಮ್ಮ ಕೈಯಲ್ಲಿ ಏನೂ ಇಲ್ಲ’ ಎಂದು ಅಧಿಕಾರಿಗಳು ಹೇಳಿದರು ಎಂದು ಅವರೇ ಬರೆದುಕೊಂಡರು. ವಿದೇಶಿಯರ ಪ್ರವೇಶ ದೇಶದ ಸಾರ್ವಭೌಮ ನಿರ್ಧಾರ ಎಂದು ವಿದೇಶಾಂಗ ಇಲಾಖೆ ಹೇಳಿತು. ಕರೆದ ಕಾಂಗ್ರೆಸ್ ಸರ್ಕಾರವನ್ನು ಬಿಜೆಪಿ ಟೀಕಿಸಿತು. ಕಳಿಸಿದ ಕೇಂದ್ರವನ್ನು ಕಾಂಗ್ರೆಸ್ ಟೀಕಿಸಿತು. 2025ರ ಮೇ ತಿಂಗಳಲ್ಲಿ ಅವರ ಒಸಿಐ ಕಾರ್ಡೂ ರದ್ದಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಿತಾಶಾ ಕೌಲ್ ಹೇಳುವುದನ್ನೆಲ್ಲ ನಾನು ಒಪ್ಪುತ್ತೇನೆಯೇ? ಇಲ್ಲ. ಒಪ್ಪದಿರಲು ಮೊದಲು ಕೇಳಬೇಕಲ್ಲ. ಅವರ ಮಾತು ತಪ್ಪು ಎಂದು ಆ ಸಭೆಯಲ್ಲಿ ಎದ್ದು ನಿಂತು ಹೇಳುವ ಅವಕಾಶ ಕನ್ನಡಿಗರಿಗೆ ಇತ್ತು. ಅದು ಹೋಯಿತು. ನಮ್ಮ ಶರಣ ಪರಂಪರೆಯಲ್ಲಿ ಮೋಳಿಗೆಯ ಮಾರಯ್ಯ ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದ ಅರಸ ಎಂಬ ನಂಬಿಕೆ ಇದೆ. ಬಂದವನು ಕಟ್ಟಿಗೆ ಹೊರೆ ಮಾರಿ ಬದುಕಿದ, ಅನುಭವ ಮಂಟಪದಲ್ಲಿ ಕೂತು ಮಾತಾಡಿದ. ಹುಟ್ಟಿದ ಊರು ಕೇಳಿ ಅವನನ್ನು ಯಾರೂ ಹೊರಗೆ ನಿಲ್ಲಿಸಲಿಲ್ಲ. ಬಸವಣ್ಣ ಹುಟ್ಟಿದ ಜಿಲ್ಲೆಯವನಾಗಿ ನನಗೆ ಇದು ನೆನಪಾಗದೆ ಇರುವುದಿಲ್ಲ.

ಕಾನೂನು ಏನು ಹೇಳುತ್ತದೆ

ಸಂವಿಧಾನದ 19ನೇ ವಿಧಿಯ ಮಾತಿನ ಹಕ್ಕು, ಸಂಚಾರದ ಹಕ್ಕು ನಾಗರಿಕರಿಗೆ ಮಾತ್ರ. 14 ಮತ್ತು 21ನೇ ವಿಧಿಗಳು ನಾಗರಿಕ ಎನ್ನುವುದಿಲ್ಲ, ವ್ಯಕ್ತಿ ಎನ್ನುತ್ತವೆ. ಅಂದರೆ ಸಮಾನತೆ ಮತ್ತು ಜೀವ-ಸ್ವಾತಂತ್ರ್ಯದ ರಕ್ಷಣೆ ನಮ್ಮ ನೆಲದ ಮೇಲೆ ಇರುವ ಪರದೇಶದವರಿಗೂ ಇದೆ.

ಆದರೆ ಒಳಗೆ ಬಿಡುವ, ಹೊರಗೆ ಕಳಿಸುವ ವಿಷಯದಲ್ಲಿ ಸುಪ್ರೀಂ ಕೋರ್ಟ್ ಮೊದಲಿನಿಂದಲೂ ಸರ್ಕಾರದ ಕಡೆ ಇದೆ. 1955ರಲ್ಲಿ ಹಾನ್ಸ್ ಮುಲ್ಲರ್ ಎಂಬ ಜರ್ಮನ್ ಪ್ರಜೆಯ ಪ್ರಕರಣದಲ್ಲಿ, ವಿದೇಶಿಯರನ್ನು ಹೊರಹಾಕಲು ಸರ್ಕಾರಕ್ಕೆ ಪೂರ್ಣ ಅಧಿಕಾರ ಇದೆ ಎಂದಿತು. 1991ರ ಲೂಯಿ ಡಿ ರೇಡ್ ಪ್ರಕರಣ ಓದಿದರೆ ಮನಸ್ಸು ಭಾರವಾಗುತ್ತದೆ. ಆತ ಬೆಲ್ಜಿಯಂನ ಪಾದ್ರಿ. 1937ರಲ್ಲಿ ಭಾರತಕ್ಕೆ ಬಂದವರು. ಸ್ವಾತಂತ್ರ್ಯಕ್ಕೂ ಹತ್ತು ವರ್ಷ ಮೊದಲು! ಅಷ್ಟು ವರ್ಷ ಇಲ್ಲೇ ಕಳೆದವರಿಗೂ ದೇಶ ಬಿಡಿ ಎಂಬ ಆದೇಶ ಬಂತು. ಕೋರ್ಟು ಅದನ್ನು ಎತ್ತಿಹಿಡಿಯಿತು.

2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಜಾರಿಯಲ್ಲಿದೆ. ವಲಸೆ ಮತ್ತು ವಿದೇಶಿಯರ ಕಾಯ್ದೆ, 2025. ಬ್ರಿಟಿಷರ ಕಾಲದ 1920, 1939, 1946ರ ಮೂರು ಕಾಯ್ದೆಗಳೂ 2000ದ ಒಂದು ಕಾಯ್ದೆಯೂ ಹೋಗಿ ಇದೊಂದೇ ಬಂತು. ವೀಸಾ ಪಾಸ್‌ಪೋರ್ಟ್ ಇಲ್ಲದೆ ಬಂದರೆ 5 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಖೊಟ್ಟಿ ದಾಖಲೆ ಇದ್ದರೆ ಶಿಕ್ಷೆ 7 ವರ್ಷದವರೆಗೆ ಹೋಗುತ್ತದೆ. ಇದಕ್ಕೆ ನನ್ನ ತಕರಾರಿಲ್ಲ. ತಕರಾರು ಇನ್ನೊಂದು ಕಡೆ. ದೇಶದ ಭದ್ರತೆ, ಸಾರ್ವಭೌಮತೆ, ಬೇರೆ ದೇಶಗಳ ಜೊತೆಗಿನ ಸಂಬಂಧ, ಸಾರ್ವಜನಿಕ ಆರೋಗ್ಯ, ಜೊತೆಗೆ ಕೇಂದ್ರ ಸರ್ಕಾರ ಹೇಳುವ ಇತರ ಕಾರಣಗಳ ಮೇಲೆ ಪ್ರವೇಶ ನಿರಾಕರಿಸಬಹುದು. ಇಮಿಗ್ರೇಶನ್ ಅಧಿಕಾರಿಯ ತೀರ್ಮಾನವೇ ಅಂತಿಮ. ಅದರ ವಿರುದ್ಧ ಮೇಲ್ಮನವಿಗೆ ಈ ಕಾಯ್ದೆಯಲ್ಲಿ ದಾರಿ ಇಟ್ಟಿಲ್ಲ. ಸರ್ಕಾರದ ಕ್ರಮವನ್ನು ಪ್ರಶ್ನಿಸಿ ಹೈಕೋರ್ಟಿಗೆ ನೇರವಾಗಿ ಅರ್ಜಿ, ಅಂದರೆ ರಿಟ್, ಹಾಕಬಹುದು, ನಿಜ. ಆದರೆ ಕೈಯಲ್ಲಿ ಆದೇಶದ ಕಾಗದವೇ ಇಲ್ಲದೆ, ಮುಂದಿನ ವಿಮಾನದಲ್ಲಿ ಕೂರಿಸಿ ಕಳಿಸಿದ ಮೇಲೆ ರಿಟ್ ಹಾಕುವುದು ಎಷ್ಟು ಜನರಿಂದ ಆದೀತು?

ಈ ಮಸೂದೆಯ ಚರ್ಚೆಯಲ್ಲಿ ಗೃಹ ಸಚಿವ ಅಮಿತ್ ಶಾ ಅವರು ಈ ದೇಶ ಧರ್ಮಶಾಲೆಯಲ್ಲ ಎಂದರು. ಒಪ್ಪೋಣ. ಯಾವ ದೇಶವೂ ಅಲ್ಲ. ಆದರೆ ಧರ್ಮಶಾಲೆಯಲ್ಲೂ ಒಂದು ರಿಜಿಸ್ಟರ್ ಇರುತ್ತದೆ. ಬಂದವರ ಹೆಸರು ಬರೆಯುತ್ತಾರೆ. ಜಾಗ ಇಲ್ಲದಿದ್ದರೆ ಇಲ್ಲ ಅನ್ನುತ್ತಾರೆ, ಯಾಕಿಲ್ಲ ಅಂತಲೂ ಹೇಳುತ್ತಾರೆ.

ಸರ್ಕಾರದ ಭಯ ಸುಳ್ಳೇ?

ಅಲ್ಲ. ಡೇವಿಡ್ ಹೆಡ್ಲಿಯನ್ನು ಮರೆಯುವಂತಿಲ್ಲ. ಅವನು ಅಮೆರಿಕದ ಪ್ರಜೆ. ದಾವೂದ್ ಗಿಲಾನಿ ಎಂಬ ಹೆಸರನ್ನು ಬದಲಿಸಿಕೊಂಡು, ನಮ್ಮದೇ ವೀಸಾದ ಮೇಲೆ ಮತ್ತೆ ಮತ್ತೆ ಮುಂಬೈಗೆ ಬಂದ. ಅಲ್ಲಿ ಒಂದು ಆಫೀಸನ್ನೂ ತೆರೆದ. ತಾಜ್ ಹೋಟೆಲ್ ಸೇರಿ ಹಲವು ಜಾಗಗಳ ವಿಡಿಯೋ ತೆಗೆದುಕೊಂಡು ಹೋದ. 2008ರ ನವೆಂಬರ್ 26ರಂದು ಏನಾಯಿತು ಎಂಬುದು ಎಲ್ಲರಿಗೂ ಗೊತ್ತು. ಬಂದವರು ಯಾರು, ಯಾಕೆ ಬಂದರು, ಎಲ್ಲಿ ಇಳಿದರು ಎಂದು ಸರ್ಕಾರ ಕೇಳಲೇಬೇಕು.

ಆದರೆ ಹೆಡ್ಲಿ ಎಲ್ಲೂ ಲೇಖನ ಬರೆದಿರಲಿಲ್ಲ. ಸಭೆಯಲ್ಲಿ ಸರ್ಕಾರವನ್ನು ಬೈದಿರಲಿಲ್ಲ. ಬಾಂಬ್ ಇಡಲು ಬರುವವನು ತನ್ನ ಅಭಿಪ್ರಾಯವನ್ನು ಮುದ್ರಿಸಿ ಹಂಚುವುದಿಲ್ಲ. ವಿದ್ವಾಂಸರ ಬರವಣಿಗೆ ಓದಿ ತಯಾರಿಸಿದ ಪಟ್ಟಿಯಿಂದ ಇಂಥವನು ಸಿಗುವುದಿಲ್ಲ. ಅವನು ಸಿಗುವುದು ಪ್ರಯಾಣದ ದಾಖಲೆಯಿಂದ, ಹಣದ ಜಾಡಿನಿಂದ, ಬೇರೆ ದೇಶಗಳು ಕೊಡುವ ಮಾಹಿತಿಯಿಂದ.

ಇನ್ನೊಂದು ವಾದ ವೀಸಾದ ಬಗೆಯದು. ಪ್ರವಾಸಿ ವೀಸಾದಲ್ಲಿ ಬಂದು ಸಂಶೋಧನೆ ಮಾಡುವಂತಿಲ್ಲ. ಸಮ್ಮೇಳನಕ್ಕೆ ಬೇರೆ ವೀಸಾ, ಸಂಶೋಧನೆಗೆ ಬೇರೆ ವೀಸಾ. ನಿಯಮ ನಿಯಮವೇ. ಒಪ್ಪುತ್ತೇನೆ. ಆದರೆ ನಮ್ಮ ಬಾದಾಮಿಗೆ ಪ್ರವಾಸಿ ಆಗಿ ಬಂದ ಒಬ್ಬ ಇತಿಹಾಸದ ಮೇಷ್ಟ್ರನ್ನು ಊಹಿಸಿಕೊಳ್ಳಿ. ಮೂರನೇ ಗುಹೆಯ ಮುಂದೆ ನಿಂತು ಅವರು ಪುಸ್ತಕದಲ್ಲಿ ನಾಲ್ಕು ಸಾಲು ಬರೆದುಕೊಂಡರೆ ಅದು ಪ್ರವಾಸವೋ, ಸಂಶೋಧನೆಯೋ? ಗೆರೆ ಇಷ್ಟು ತೆಳುವಾಗಿದ್ದಾಗ ಯಾರ ಮೇಲೆ ನಿಯಮ ಬೀಳುತ್ತದೆ, ಯಾರ ಮೇಲೆ ಬೀಳುವುದಿಲ್ಲ ಎಂಬುದೇ ಪ್ರಶ್ನೆಯಾಗುತ್ತದೆ. ಹೊಗಳುವವರಿಗೆ ಸಡಿಲ, ಟೀಕಿಸುವವರಿಗೆ ಬಿಗಿ ಎಂಬ ಅನುಮಾನ ಬರಬಾರದು ಎಂದರೆ ಕಾರಣ ಬರೆದುಕೊಡುವುದೊಂದೇ ದಾರಿ.

ಇದು ಇವತ್ತಿನ ಸರ್ಕಾರದ ಚಾಳಿ ಮಾತ್ರ ಎನ್ನುವವರಿಗೂ ಒಂದು ಮಾತು. 2011ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರೇಡಿಯೋ ಪತ್ರಕರ್ತ ಡೇವಿಡ್ ಬಾರ್ಸಾಮಿಯನ್ ಅವರನ್ನು ದೆಹಲಿಯಿಂದ ಹಾಗೇ ವಾಪಸ್ ಕಳಿಸಿದ್ದರು. ಆಗ ಇದ್ದದ್ದು ಕಾಂಗ್ರೆಸ್ ನೇತೃತ್ವದ ಯುಪಿಎ ಸರ್ಕಾರ. ಈಗ ಅದು ಜಾಸ್ತಿ ಆಗಿದೆ ಎಂದು ನನಗನಿಸುತ್ತದೆ. 2022ರಲ್ಲಿ ತಿರುವನಂತಪುರದಿಂದ ವಾಪಸ್ ಹೋದ ಮಾನವಶಾಸ್ತ್ರಜ್ಞ ಫಿಲಿಪ್ಪೊ ಒಸೆಲ್ಲಾ ಸುಮಾರು ಮೂವತ್ತು ವರ್ಷ ಕೇರಳದ ಜನಜೀವನ ಓದಿದವರು.

ಒಂದು ಪ್ರಕರಣದಲ್ಲಂತೂ ಕೋರ್ಟು ಈ ಕಾಗದದ ಪ್ರಶ್ನೆಯನ್ನೇ ಹಿಡಿಯಿತು. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಶೋಕ್ ಸ್ವೈನ್ ಅವರ ಒಸಿಐ ಕಾರ್ಡ್ ರದ್ದಾಗಿತ್ತು. ಅವರು ಹೈಕೋರ್ಟಿಗೆ ಹೋದರು. 2023ರ ಜುಲೈಯಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಕಲಮನ್ನು ಮಂತ್ರದ ಹಾಗೆ ಮತ್ತೆ ಹೇಳಿದ್ದು ಬಿಟ್ಟರೆ ಆದೇಶದಲ್ಲಿ ಕಾರಣವೇ ಇಲ್ಲ ಎಂದಿತು. ಸರ್ಕಾರ ಅದೇ ತಿಂಗಳು ಹೊಸ ಆದೇಶ ಮಾಡಿತು. 2025ರ ಮಾರ್ಚ್‌ನಲ್ಲಿ ಅದೂ ಬಿತ್ತು. ಗಮನಿಸಿ, ಹೊಸದಾಗಿ ನೋಟಿಸ್ ಕೊಟ್ಟು ಕ್ರಮ ತೆಗೆದುಕೊಳ್ಳುವ ಅವಕಾಶವನ್ನು ಕೋರ್ಟು ಸರ್ಕಾರದಿಂದ ಕಿತ್ತುಕೊಳ್ಳಲಿಲ್ಲ. ಕಾರಣ ಕೊಟ್ಟು ಮಾಡಿ ಎಂದಿತು, ಅಷ್ಟೇ.

ನಮ್ಮ ಡಿಸಿ ಆಫೀಸಿನ ಪಾಠ

ಪ್ರವೇಶ ನಿರ್ಬಂಧ ನಮ್ಮ ಕಡೆಯವರಿಗೆ ಹೊಸದಲ್ಲ. ಬೆಳಗಾವಿಯವರಿಗಂತೂ ಪ್ರತಿ ವರ್ಷದ ಅನುಭವ. ನವೆಂಬರ್ 1 ಬಂತೆಂದರೆ, ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಬಂತೆಂದರೆ, ಗಡಿಯ ಆ ಕಡೆಯಿಂದ ಯಾರು ಬರುತ್ತಾರೆ ಎಂಬ ಮಾತು ಏಳುತ್ತದೆ. 2022ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಇಬ್ಬರು ಮಂತ್ರಿಗಳು ಬೆಳಗಾವಿಗೆ ಬರುವುದಾಗಿ ಹೇಳಿದರು. ಬರಬೇಡಿ ಎಂದು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೇಳಿದರು. ಜಿಲ್ಲಾಡಳಿತ ನಿರ್ಬಂಧದ ಆದೇಶ ಹೊರಡಿಸಿತು. ಅವರು ಬರಲಿಲ್ಲ. ಆಗ ಬಿಜೆಪಿ ಎರಡೂ ರಾಜ್ಯಗಳ ಸರ್ಕಾರದಲ್ಲಿತ್ತು. ಹಾಗಾಗಿ ಇದನ್ನು ಪಕ್ಷದ ಜಗಳ ಎನ್ನುವಂತಿರಲಿಲ್ಲ. ಕನ್ನಡದವನಾಗಿ ನನಗೆ ಅವತ್ತು ಸಮಾಧಾನವೇ ಆಗಿತ್ತು. ಬಸ್ಸಿಗೆ ಕಲ್ಲು ಬೀಳುವುದು, ಮಸಿ ಬಳಿಯುವುದು, ಗಡಿಯ ಹಳ್ಳಿಗಳಿಗೆ ಬಸ್ಸು ನಿಲ್ಲುವುದು, ಇದನ್ನೆಲ್ಲ ಕಂಡವರಿಗೆ ಆ ಸಮಾಧಾನ ಅರ್ಥವಾಗುತ್ತದೆ.

ಬೆಳಗಾವಿ ಜಿಲ್ಲೆಯ ಹುಕ್ಕೇರಿಯವರಾದ ಶ್ರೀರಾಮ ಸೇನೆಯ ಪ್ರಮೋದ್ ಮುತಾಲಿಕ್ ಅವರಿಗೆ 2014ರಲ್ಲಿ ಗೋವಾ ಸರ್ಕಾರ ಪ್ರವೇಶ ನಿರ್ಬಂಧಿಸಿತು. ಅದೂ ಸುಪ್ರೀಂ ಕೋರ್ಟಿನವರೆಗೆ ಹೋಗಿ ಉಳಿಯಿತು. ಅಂದರೆ ಎಡ, ಬಲ, ಕನ್ನಡ, ಮರಾಠಿ, ಎಲ್ಲರಿಗೂ ಒಂದಲ್ಲ ಒಂದು ಗಡಿಯಲ್ಲಿ ಬಾಗಿಲು ಹಾಕಿದ್ದಿದೆ.

ಈ ಆದೇಶಗಳ ಹಿಂದೆ ಇದ್ದದ್ದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಂ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಆಗಿದೆ. ಅದರಲ್ಲಿ ಒಂದು ಒಳ್ಳೆಯ ಕಟ್ಟುಪಾಡಿದೆ. ಆದೇಶ ಲಿಖಿತವಾಗಿರಬೇಕು. ಯಾವ ಸಂಗತಿಗಳ ಮೇಲೆ ಆದೇಶ ಮಾಡಿದ್ದು ಎಂದು ಅದರಲ್ಲೇ ಹೇಳಬೇಕು. ಸಾಮಾನ್ಯವಾಗಿ ಅದು ಎರಡು ತಿಂಗಳಿಗಿಂತ ಹೆಚ್ಚು ನಡೆಯುವುದಿಲ್ಲ. ಮುಂದುವರಿಸಬೇಕೆಂದರೆ ರಾಜ್ಯ ಸರ್ಕಾರವೇ ಆದೇಶಿಸಬೇಕು, ಅದಕ್ಕೂ ಮಿತಿ ಇದೆ. ಇಂಥ ಆದೇಶಗಳನ್ನು ಜನರಿಗೆ ಸಿಗುವಂತೆ ಪ್ರಕಟಿಸಬೇಕು ಎಂದು 2020ರ ಜನವರಿಯಲ್ಲಿ ಕಾಶ್ಮೀರದ ಇಂಟರ್‌ನೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹೌದು, ಇದು ನಾಗರಿಕರ ಹಕ್ಕನ್ನು ತಡೆಯುವ ಆದೇಶ. ಆದ್ದರಿಂದ ಇಷ್ಟು ಬಂದೋಬಸ್ತು. ವಿದೇಶಿಯರಿಗೆ ಬರುವ ಹಕ್ಕೇ ಇಲ್ಲ, ಹಾಗಾಗಿ ಕಾರಣ ಕೇಳುವ ಹಕ್ಕೂ ಇಲ್ಲ ಎನ್ನುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಯಾಕೆಂದರೆ ಇಲ್ಲಿ ಇನ್ನೊಬ್ಬರಿದ್ದಾರೆ. ಕರೆದವರು. ಕೇಳಲು ಕೂತವರು. ಅವರು ಈ ದೇಶದ ನಾಗರಿಕರು.

1995ರಲ್ಲಿ ಕ್ರಿಕೆಟ್ ಪಂದ್ಯದ ಪ್ರಸಾರದ ಜಗಳವೊಂದು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮಾತಿನ ಸ್ವಾತಂತ್ರ್ಯದಲ್ಲಿ ಮಾಹಿತಿ ಪಡೆಯುವ ಹಕ್ಕೂ ಸೇರಿದೆ ಎಂದು ಕೋರ್ಟು ಅಲ್ಲಿ ಹೇಳಿತು. ಪಡೆಯುವ ಹಕ್ಕು ಅಂದರೆ ಕೇಳುವವರ ಹಕ್ಕು. ಅದು 19ನೇ ವಿಧಿಯಲ್ಲೇ ಇದೆ, ನಮಗೇ ಇದೆ. ನಿತಾಶಾ ಕೌಲ್ ಅವರಿಗೆ ಬೆಂಗಳೂರಿಗೆ ಬರುವ ಹಕ್ಕು ಇರದಿರಬಹುದು. ಅವರ ಮಾತು ಕೇಳಿ ಜಗಳ ಮಾಡುವ ಹಕ್ಕು ಅಲ್ಲಿ ಕೂತ ಸಿಂದಗಿಯ ಹುಡುಗನಿಗೆ ಇತ್ತು.

ಅಮೆರಿಕದಲ್ಲಿ ಈ ವಾದವನ್ನು ಪ್ರಾಧ್ಯಾಪಕರೇ ಕೋರ್ಟಿಗೆ ಒಯ್ದಿದ್ದರು. ಎರ್ನೆಸ್ಟ್ ಮ್ಯಾಂಡೆಲ್ ಎಂಬ ಬೆಲ್ಜಿಯಂನ ಮಾರ್ಕ್ಸ್‌ವಾದಿ ಅರ್ಥಶಾಸ್ತ್ರಜ್ಞರನ್ನು 1969ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯಗಳು ಕರೆದಿದ್ದವು. ವೀಸಾ ಸಿಗಲಿಲ್ಲ. ಕೇಳುವ ಹಕ್ಕು ನಮ್ಮದು ಎಂದು ಅಲ್ಲಿನ ಪ್ರಾಧ್ಯಾಪಕರು ವಾದಿಸಿದರು. 1972ರಲ್ಲಿ ಅವರು ಸೋತರು. ಸರ್ಕಾರ ಮೇಲ್ನೋಟಕ್ಕೆ ಸರಿಯಾದ, ಪ್ರಾಮಾಣಿಕ ಕಾರಣ ಒಂದನ್ನು ಕೊಟ್ಟರೆ ಸಾಕು ಎಂದಿತು ಕೋರ್ಟು. ಸೋತ ಆ ಪ್ರಕರಣದಲ್ಲೂ ಒಂದು ಕಾರಣ ಬೇಕಾಯಿತು ನೋಡಿ. ನಾನು ಕೇಳುತ್ತಿರುವುದು ಅಷ್ಟನ್ನೇ.

ಬೇರೆಯವರೂ ಇದನ್ನೇ ಮಾಡುತ್ತಾರೆ

ಮಾಡುತ್ತಾರೆ. 1901ರಲ್ಲಿ ಅಮೆರಿಕದ ಅಧ್ಯಕ್ಷ ಮೆಕಿನ್ಲಿಯನ್ನು ಒಬ್ಬ ಅರಾಜಕತಾವಾದಿ ಕೊಂದ. 1903ರಲ್ಲಿ ಅಮೆರಿಕ ಅರಾಜಕತಾವಾದಿಗಳಿಗೆ ಬಾಗಿಲು ಹಾಕಿತು. 1952ರಲ್ಲಿ ಚಾರ್ಲಿ ಚಾಪ್ಲಿನ್ ಹಡಗಿನಲ್ಲಿ ಹೊರಟಾಗ ಅವರ ಮರುಪ್ರವೇಶದ ಪರವಾನಗಿಯನ್ನು ಹಿಂದಕ್ಕೆ ಪಡೆಯಿತು. ಅವರು ಮತ್ತೆ ಅಲ್ಲಿ ಕಾಲಿಟ್ಟದ್ದು 1972ರಲ್ಲಿ, ಆಸ್ಕರ್ ಗೌರವಕ್ಕೆ. ಬ್ರಿಟನ್ 2009ರಲ್ಲಿ ನೆದರ್ಲ್ಯಾಂಡ್ಸಿನ ಬಲಪಂಥೀಯ ರಾಜಕಾರಣಿ ಖೇರ್ಟ್ ವಿಲ್ಡರ್ಸ್ ಅವರನ್ನು ತಡೆಯಿತು, 2010ರಲ್ಲಿ ನಮ್ಮ ದೇಶದ ಇಸ್ಲಾಂ ಪ್ರಚಾರಕ ಝಾಕಿರ್ ನಾಯಕ್ ಅವರನ್ನು ತಡೆಯಿತು. ವಿಲ್ಡರ್ಸ್ ಮೇಲ್ಮನವಿ ಹಾಕಿ ಅದೇ ವರ್ಷ ಗೆದ್ದರು. ಮೇಲ್ಮನವಿಯ ದಾರಿ ಇತ್ತು, ಗೆದ್ದರು.

2005ರ ಮಾರ್ಚ್‌ನಲ್ಲಿ ಅಮೆರಿಕ ಗುಜರಾತಿನ ಮುಖ್ಯಮಂತ್ರಿಯಾಗಿದ್ದ ನರೇಂದ್ರ ಮೋದಿಯವರಿಗೆ ವೀಸಾ ನಿರಾಕರಿಸಿತು. ಧಾರ್ಮಿಕ ಸ್ವಾತಂತ್ರ್ಯದ ಕಲಮನ್ನು ಹೇಳಿತು. ಆಗ ಕೇಂದ್ರದಲ್ಲಿದ್ದದ್ದು ಎದುರು ಪಕ್ಷದ ಮನಮೋಹನ್ ಸಿಂಗ್ ಸರ್ಕಾರ. ಆ ಸರ್ಕಾರ ಅಮೆರಿಕದ ಕ್ರಮವನ್ನು ಪ್ರತಿಭಟಿಸಿತು. ಚುನಾಯಿತ ಮುಖ್ಯಮಂತ್ರಿಗೆ ಹೀಗೆ ಮಾಡಬಾರದು ಎಂದಿತು. ಪಕ್ಷ ನೋಡದೆ ಆಡಿದ ಆ ಮಾತು ನನಗೆ ಇವತ್ತಿಗೂ ಮೆಚ್ಚುಗೆ.

ಈಗ ಈ ಬಿಸಿ ನಮ್ಮ ಮನೆಗಳಿಗೇ ಬಂದಿದೆ. 2025ರ ಜೂನ್‌ನಲ್ಲಿ ಅಮೆರಿಕ ವಿದ್ಯಾರ್ಥಿ ವೀಸಾ ಕೇಳುವವರಿಗೆಲ್ಲ ಸೋಶಿಯಲ್ ಮೀಡಿಯಾ ಖಾತೆ ಎಲ್ಲರಿಗೂ ಕಾಣುವಂತೆ ತೆರೆದಿಡಲು ಹೇಳಿತು. ಬೆಳಗಾವಿಯ ವಿಟಿಯು ಕೆಳಗಿನ ಕಾಲೇಜುಗಳಲ್ಲಿ ಇಂಜಿನಿಯರಿಂಗ್ ಮುಗಿಸಿ ಎಂಎಸ್‌ಗೆ ಹೊರಟ ಮಕ್ಕಳು ನಮ್ಮ ಓಣಿಯಲ್ಲೂ ಇದ್ದಾರೆ. ನನ್ನ ಅಕ್ಕನ ಮಗ ಒಂದು ರಾತ್ರಿ ಪೂರ್ತಿ ಕೂತು ನಾಲ್ಕು ವರ್ಷದ ಹಳೆಯ ಪೋಸ್ಟುಗಳನ್ನು ಅಳಿಸಿದ. ಅದರಲ್ಲಿ ತಪ್ಪೇನಿತ್ತು ಎಂದು ಕೇಳಿದೆ. ‘ತಪ್ಪೇನಿಲ್ಲ ಮಾಮಾ. ಅವ್ರಿಗೆ ಏನ್ ತಪ್ಪ ಅನಸ್ತದೋ ಯಾರಿಗ್ಗೊತ್ತು?’ ಎಂದ. ಕಾರಣ ಬರೆದಿಡದ ನಿರ್ಬಂಧದ ಕೆಲಸ ಇದೇ. ತಡೆದವರು ಹತ್ತು ಜನ ಇರಬಹುದು. ತಾವೇ ಬಾಯಿ ಮುಚ್ಚಿಕೊಂಡವರನ್ನು ಲೆಕ್ಕ ಹಾಕಲು ಬರುವುದಿಲ್ಲ.

ಹೊರಗಿನ ಕಣ್ಣು

ವಿದೇಶಿಯರು ಬಂದು ನಮ್ಮ ಬಗ್ಗೆ ಬರೆದರೆ ನಮಗೇನು ಲಾಭ ಎಂದು ಕೇಳುವವರಿದ್ದಾರೆ. ಬಾಗಲಕೋಟೆ, ವಿಜಯಪುರದವರು ಇದನ್ನು ಕೇಳಲೇಬಾರದು.

ಐಹೊಳೆಯ ಮೇಗುತಿ ಬಸದಿಯ ಶಾಸನ ಸುಮಾರು 634ರದು. ಹರ್ಷನ ಹರ್ಷವನ್ನೇ ಇಮ್ಮಡಿ ಪುಲಕೇಶಿ ಇಳಿಸಿದ ಎಂದು ಅದರಲ್ಲಿ ರವಿಕೀರ್ತಿ ಬರೆದ. ಆದರೆ ರವಿಕೀರ್ತಿ ಪುಲಕೇಶಿಯ ಆಶ್ರಯದ ಕವಿ. ಹೊಗಳುವುದು ಅವನ ಕೆಲಸ. ಅದನ್ನು ಜಗತ್ತು ನಂಬುವುದು ಯಾಕೆ? ಚೀನಾದಿಂದ ಬಂದ ಹ್ಯೂಯೆನ್ ತ್ಸಾಂಗ್ ಕೂಡ ಅದನ್ನೇ ಬರೆದಿದ್ದಾನೆ. ಹರ್ಷ ಈ ರಾಜನನ್ನು ಗೆಲ್ಲಲಾಗಲಿಲ್ಲ ಎಂದು. ಅವನು ಹರ್ಷನ ಆದರ ಉಂಡವನು, ನಮ್ಮವನಲ್ಲ. ಆದ್ದರಿಂದಲೇ ಅವನ ಸಾಕ್ಷಿಗೆ ತೂಕ. ಅಂದಹಾಗೆ, ಅವನು ಚೀನಾ ಬಿಟ್ಟದ್ದು ಕದ್ದು. ಆಗ ಅಲ್ಲಿ ಗಡಿ ದಾಟಲು ನಿಷೇಧ ಇತ್ತು. ನಿಷೇಧ ಮುರಿದು ಬಂದವನಿಂದ ನಮ್ಮ ಪುಲಕೇಶಿಗೆ ಸಾಕ್ಷಿ ಸಿಕ್ಕಿತು.

ಪುಲಕೇಶಿಯ ನಾಡಿನ ಜನರ ಸ್ವಭಾವವನ್ನೂ ಅವನು ಬರೆದಿದ್ದಾನೆ. ಉಪಕಾರ ಮಾಡಿದವರನ್ನು ಮರೆಯದವರು, ಕೇಡು ಮಾಡಿದವರನ್ನು ಬಿಡದವರು ಎಂದು. ಅದಾದ ಕೆಲವು ದಶಕಗಳಲ್ಲಿ ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಬಂತು. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ.’ ಒಳ್ಳೆಯವರಿಗೆ ಒಳ್ಳೆಯವನು, ಬಾಧಿಸುವವನಿಗೆ ಮಾತ್ರ ವಿಪರೀತ. ಚೀನೀ ಯಾತ್ರಿಕ ಕಂಡದ್ದನ್ನೇ ನಮ್ಮ ತ್ರಿಪದಿ ಹಾಡಿತು. ಅರಭಟ್ಟ ಸಿಟ್ಟಾಗಿದ್ದು ಬಾಧಿಸಿದವನ ಮೇಲೆ. ಬೇರೆ ಮಾತಾಡಿದವನ ಮೇಲಲ್ಲ. ಆ ವ್ಯತ್ಯಾಸ ನಮಗೆ ಹದಿಮೂರು ನೂರು ವರ್ಷದ ಹಿಂದೆಯೇ ಗೊತ್ತಿತ್ತು.

ಆ ಶಾಸನಗಳನ್ನು ಓದಿ ಅಚ್ಚು ಮಾಡಿದವರಲ್ಲಿ ಜೆ. ಎಫ್. ಫ್ಲೀಟ್ ಮುಖ್ಯರು. ಬ್ರಿಟಿಷ್ ಅಧಿಕಾರಿ. ಸಂಗೊಳ್ಳಿ ರಾಯಣ್ಣನ ಮೇಲೆ ನಮ್ಮ ಜನ ಹಾಡುತ್ತಿದ್ದ ಲಾವಣಿಯನ್ನೂ ಅವರು ಬರೆದುಕೊಂಡು ಪ್ರಕಟಿಸಿದರು. ರಾಯಣ್ಣನನ್ನು ಗಲ್ಲಿಗೆ ಹಾಕಿದ್ದು ಅವರದೇ ಸರ್ಕಾರ. ಫ್ಲೀಟ್ ಅತಿಥಿಯಾಗಿ ಬಂದವರಲ್ಲ, ಆಳಲು ಬಂದವರು ಎಂಬುದನ್ನು ಮರೆಯಬಾರದು. ಆದರೂ ಆ ಲಾವಣಿ ಉಳಿಯಲಿ ಎಂದು ಅವರಿಗೆ ಅನಿಸಿತಲ್ಲ.

ಇನ್ನು ವಿಜಯಪುರ. ವಿದೇಶಿಯರ ಪ್ರವೇಶ ಮತ್ತು ರಾಜನ ಸಿದ್ಧಾಂತ ಒಂದಕ್ಕೊಂದು ಗಂಟು ಹಾಕಿಕೊಳ್ಳುವುದನ್ನು ಈ ಊರು ಐದು ನೂರು ವರ್ಷದ ಹಿಂದೆಯೇ ನೋಡಿದೆ. ಆದಿಲ್‌ಶಾಹಿ ದರ್ಬಾರಿನಲ್ಲಿ ಎರಡು ಬಣ. ಇರಾನ್, ಅರಬ್ ಕಡೆಯಿಂದ ಬಂದ ಅಫಾಕಿಗಳು, ಇಲ್ಲಿಯವರಾದ ದಖ್ಖನಿಗಳು. ಒಂದನೇ ಇಬ್ರಾಹಿಂ 1534ರಲ್ಲಿ ಪಟ್ಟಕ್ಕೆ ಬಂದ. ಸುನ್ನಿ ಪಂಥ ಹಿಡಿದ, ಹೊರಗಿನವರಲ್ಲಿ ಹೆಚ್ಚಿನವರನ್ನು ಕೆಲಸದಿಂದ ತೆಗೆದ, ಲೆಕ್ಕಪತ್ರವನ್ನು ಪಾರಸಿಯಿಂದ ಇಲ್ಲಿಯ ಭಾಷೆಗೆ ತಂದ. ಅವನ ಮಗ ಅಲಿ 1558ರಲ್ಲಿ ಬಂದವನೇ ಎಲ್ಲ ತಿರುಗಿಸಿದ. ಶಿಯಾ ಪಂಥ ಬಂತು, ಹೊರಗಿನವರು ಮತ್ತೆ ಬಂದರು. ರಾಜ ಬದಲಾದಂತೆ ಬಾಗಿಲು ಬದಲಾಯಿತು. ಸ್ಥಳೀಯರಿಗೆ ಕೆಲಸ, ಸ್ಥಳೀಯ ಭಾಷೆಗೆ ಮಾನ, ಇದು ಒಂದನೇ ಇಬ್ರಾಹಿಮನ ಒಳ್ಳೆಯ ಕೆಲಸ ಎಂದೇ ನನ್ನ ಎಣಿಕೆ. ಆದರೆ ಇವತ್ತು ನಮಗೆ ಈ ಕಥೆ ಹೆಚ್ಚಾಗಿ ಗೊತ್ತಿರುವುದು ಇತಿಹಾಸಕಾರ ಫಿರಿಸ್ತಾ ಬರೆದದ್ದರಿಂದ. ಫಿರಿಸ್ತಾ ಕ್ಯಾಸ್ಪಿಯನ್ ಸಮುದ್ರದ ದಂಡೆಯ ಅಸ್ತರಾಬಾದಿನಲ್ಲಿ ಹುಟ್ಟಿದವನು. 1589ರಲ್ಲಿ ವಿಜಯಪುರಕ್ಕೆ ಬಂದು, ಎರಡನೇ ಇಬ್ರಾಹಿಮನ ಆಶ್ರಯದಲ್ಲಿ ಕೂತು ಬರೆದ.

ಫಾರ್ಮ್ ಸಿ

ಈಗ ಗೋಳಗುಮ್ಮಟ ನೋಡಲು ಬರುವ ವಿದೇಶಿಯರು ಇಲ್ಲಿಯ ಲಾಡ್ಜುಗಳಲ್ಲಿ ಇಳಿಯುತ್ತಾರೆ. ಪ್ರತಿಯೊಬ್ಬರಿಗೂ ಲಾಡ್ಜಿನವರು, ತಾವು ಫಾರ್ಮ್ ಸಿ ಎಂದು ಕರೆಯುವ ನಮೂನೆಯನ್ನು ತುಂಬಿ ಆನ್‌ಲೈನಿನಲ್ಲಿ ಹಾಕಬೇಕು. ಪಾಸ್‌ಪೋರ್ಟ್, ವೀಸಾ, ಎಲ್ಲಿಂದ ಬಂದರು, ಎಲ್ಲಿಗೆ ಹೋಗುತ್ತಾರೆ, ಯಾಕೆ ಬಂದರು. ಜಿಲ್ಲೆಗಳಲ್ಲಿ ವಿದೇಶಿಯರ ನೋಂದಣಿ ಅಧಿಕಾರಿ ಎಂದರೆ ಎಸ್ಪಿ ಸಾಹೇಬರು. ಪರಿಚಯದ ಒಬ್ಬ ಮ್ಯಾನೇಜರ್ ಹೇಳಿದರು: ‘ಇಪ್ಪತ್ನಾಕು ತಾಸಿನೊಳಗ ಹಾಕ್ಲಿಲ್ಲಂದ್ರ ಪೊಲೀಸ್ರು ಕೇಳ್ತಾರ್ರಿ. ನಮಗ ಕೇಳೂದು ಬ್ಯಾಡಂತ ಅಲ್ರಿ. ಅವರ ಕೆಲಸ ಅವರು ಮಾಡ್ತಾರ.’ ಹೊಸ ಕಾಯ್ದೆಯಲ್ಲಿ ಆಸ್ಪತ್ರೆ, ವಿಶ್ವವಿದ್ಯಾಲಯಗಳೂ ಹೀಗೆ ಮಾಹಿತಿ ಕೊಡಬೇಕು. ಒಂದು ಸಣ್ಣ ಲಾಡ್ಜು ಒಬ್ಬ ಅತಿಥಿಯ ಬಗ್ಗೆ ಇಷ್ಟು ಬರೆದುಕೊಡುತ್ತದೆ. ಅದೇ ಅತಿಥಿಯನ್ನು ವಾಪಸ್ ಕಳಿಸುವಾಗ ಸರ್ಕಾರ ಒಂದು ಪುಟ ಬರೆದುಕೊಡುವುದು ಹೆಚ್ಚಾಯಿತೇ?

ಭದ್ರತೆಯ ಗುಟ್ಟನ್ನೆಲ್ಲ ಬಿಚ್ಚಿಡಿ ಎಂದು ಯಾರೂ ಕೇಳುತ್ತಿಲ್ಲ. ಯಾವ ಕಲಂ, ಯಾವ ಷರತ್ತು ಮುರಿದದ್ದು, ನಿರ್ಬಂಧ ಎಷ್ಟು ದಿನ, ಯಾರಿಗೆ ಮನವಿ ಹಾಕಬೇಕು, ಇಷ್ಟು ಇದ್ದರೆ ಸಾಕು. ನಿಜವಾಗಿ ಗುಟ್ಟಾದದ್ದನ್ನು ಮುಚ್ಚಿದ ಲಕೋಟೆಯಲ್ಲಿ ಜಡ್ಜ್ ಮುಂದಿಡಲಿ. ಕಪ್ಪುಪಟ್ಟಿಗೆ ಸೇರಿಸಿದಾಗಲೇ ಆ ವ್ಯಕ್ತಿಗೆ ತಿಳಿಸಲಿ, ವೀಸಾ ಆಗಲೇ ರದ್ದು ಮಾಡಲಿ. ಆಹ್ವಾನ ಕೊಟ್ಟ ಸಂಸ್ಥೆಗೂ ಒಂದು ಪ್ರತಿ ಹೋಗಲಿ.

ಈ ಕಡೆಯ ಕಾಲೇಜೊಂದರಲ್ಲಿ ಪಾಠ ಮಾಡುವ ನನ್ನ ಗೆಳೆಯ ದಖ್ಖನಿನ ಕೆರೆ, ಬಾವಿಗಳ ಬಗ್ಗೆ ವಿಚಾರ ಸಂಕಿರಣ ಮಾಡಬೇಕೆಂದು ಎರಡು ವರ್ಷದಿಂದ ಓಡಾಡುತ್ತಿದ್ದಾನೆ. ತಾಜ್ ಬಾವಡಿ, ಚಾಂದ್ ಬಾವಡಿ, ಊರಿಗೆ ನೀರು ತಂದ ಸುರಂಗಗಳು, ಎಲ್ಲವೂ ಅದರಲ್ಲಿ ಬರುತ್ತವೆ. ಪಟ್ಟಿಯಲ್ಲಿ ಒಬ್ಬ ವಿದೇಶಿ ಸಂಶೋಧಕಿಯ ಹೆಸರೂ ಇದೆ. ವಿದೇಶಾಂಗ ಇಲಾಖೆಯಿಂದ ಒಂದು ಒಪ್ಪಿಗೆ, ಗೃಹ ಇಲಾಖೆಯಿಂದ ಇನ್ನೊಂದು, ಆಮೇಲೆ ಸಮ್ಮೇಳನದ ವೀಸಾ. ಆಡಳಿತ ಮಂಡಳಿಯವರು ‘ಸುಮ್ನೆ ಯಾಕೆ ಉಸಾಬರಿ, ಆ ಹೆಸರು ಬಿಡಿ’ ಎಂದರಂತೆ. ಹೋದ ವಾರ ಸಿಕ್ಕಾಗ ಕೇಳಿದ: ‘ಹೆಸರು ಇಡ್ಲೋ, ತಗೀಲೋ, ನೀನ ಹೇಳಪಾ.’

ಇಡು ಅಂದೆ. ಆರು ತಿಂಗಳು ಮೊದಲೇ ಅರ್ಜಿ ಹಾಕು, ಪ್ರತಿ ಪತ್ರಕ್ಕೂ ಸ್ವೀಕೃತಿ ತಗೋ ಅಂದೆ. ಆಗಲ್ಲ ಎಂದರೆ ಅದನ್ನು ಬರೆದುಕೊಡಿ ಎಂದು ಕೇಳು ಅಂದೆ. ಮರುದಿನ ಅರ್ಜಿಯ ಕರಡು ಕಳಿಸಿದ. ಈಗ ಅದನ್ನೇ ತಿದ್ದುತ್ತಾ ಕೂತಿದ್ದೇನೆ.